ಬೋರ್ಡಿಗೆ ನಾಲ್ಕೇ ಸಾಲು, ಜೇಬಲ್ಲಿ ನಾಲ್ಕು ಬಗೆಯ ದುಡ್ಡು

ಆನ್‌ಲೈನ್ ಆಟಗಳಲ್ಲಿ ಆಟಗಾರರೇ ನಡೆಸುವ ಅಂಗಡಿ ಒಂದಕ್ಕಿಂತ ಜಾಸ್ತಿ ಬಗೆಯ ದುಡ್ಡು ತೆಗೆದುಕೊಳ್ಳಬೇಕೇ? ಸುಲಭದ ಪ್ರಶ್ನೆ ಅನ್ನಿಸುತ್ತೆ, ಅಲ್ವಾ? ಆದರೆ ಒಬ್ಬರು ಕೇಳುವುದು 'ನಾಣ್ಯವೂ ಕೊಡಿ, ವಜ್ರವೂ ಕೊಡಿ' ಎನ್ನುವ ಅಂಗಡಿ. ಇನ್ನೊಬ್ಬರು ಕೇಳುವುದು 'ನಾಣ್ಯ ಇಲ್ಲವೇ ವಜ್ರ' ಎನ್ನುವ ಅಂಗಡಿ. ಎರಡೂ ಬೇರೆ ಬೇರೆ ಕೆಲಸ.

ಮೊದಲು ಈ ಪ್ರಶ್ನೆಯೇ ಇರಲಿಲ್ಲ. 1997ರ ಅಲ್ಟಿಮಾ ಆನ್‌ಲೈನ್‌ನಲ್ಲಿ ಚಿನ್ನ, 2002ರ ರಾಗ್ನರಾಕ್‌ನಲ್ಲಿ ಜೆನಿ. ಅಂಗಡಿಯ ದರ ಬರೆಯಲು ಅದೊಂದೇ.

ಆ ಒಂದೇ ನಾಣ್ಯ ಸೋತಾಗ ತೊಡಕು ಶುರುವಾಯಿತು. 2000ದ ಡಯಾಬ್ಲೊ 2ರಲ್ಲಿ ಒಂದು ಪಾತ್ರ ಲೆವೆಲ್‌ಗೆ 10,000ದ ಲೆಕ್ಕದಲ್ಲಷ್ಟೇ ಚಿನ್ನ ಹೊರಬಹುದಿತ್ತು. ಒಳ್ಳೆಯ ವಸ್ತುವಿಗೆ ಅದೆಲ್ಲಿ ಸಾಲುತ್ತದೆ? ಜನ ಸ್ಟೋನ್ ಆಫ್ ಜೋರ್ಡನ್ ಎಂಬ ಉಂಗುರವನ್ನೇ ದುಡ್ಡು ಮಾಡಿಕೊಂಡರು. ಅದರ ನಕಲುಗಳು ತುಂಬಿಕೊಂಡ ಮೇಲೆ ರೂನ್ ಎಂಬ ಕಲ್ಲುಗಳಿಗೆ ಹೋದರು. ಮೇಪಲ್‌ಸ್ಟೋರಿಯಲ್ಲಿ ಬಹಳ ಕಾಲ ಒಂದು ಪಾತ್ರದ ಬಳಿ 2,147,483,647 ಮೆಸೊಗಿಂತ (ಅಲ್ಲಿನ ದುಡ್ಡು) ಜಾಸ್ತಿ ಇರುವಂತಿರಲಿಲ್ಲ. ಅದಕ್ಕಿಂತ ದುಬಾರಿ ವಸ್ತುವನ್ನು ಮೆಸೊ ಒಂದರಲ್ಲೇ ಮಾರುವುದು ಹೇಗೆ?

ನಾನು ಹತ್ತಿರದಿಂದ ನೋಡಿದ್ದು ಮೈನ್‌ಕ್ರಾಫ್ಟ್ ಸರ್ವರ್‌ಗಳನ್ನು, ಅಂದರೆ ಜನ ಒಟ್ಟಿಗೆ ಸೇರಿ ಆ ಆಟ ಆಡುವ ತಾಣಗಳನ್ನು. ಚೆಸ್ಟ್‌ಶಾಪ್ ಎಂಬ ಪ್ಲಗಿನ್ (ಸರ್ವರ್‌ಗೆ ಹೊಸ ಸೌಲಭ್ಯ ಸೇರಿಸುವ ತಂತ್ರಾಂಶ) ಇರುವಲ್ಲಿ ಅಂಗಡಿ ಅಂದರೆ ಒಂದು ಪೆಟ್ಟಿಗೆ, ಒಂದು ಬೋರ್ಡು. ಬೋರ್ಡಿಗೆ ನಾಲ್ಕು ಸಾಲು: ಮಾಲೀಕರ ಹೆಸರು, ಎಷ್ಟು, ದರ, ವಸ್ತು. ದರದ ಸಾಲಿನಲ್ಲಿ 'ಬಿ 10 : 8 ಎಸ್' ಎಂದಿದ್ದರೆ ಗಿರಾಕಿ 10ಕ್ಕೆ ಕೊಳ್ಳಬಹುದು, 8ಕ್ಕೆ ಮಾರಬಹುದು. ಹತ್ತು ಏನು? ಅದನ್ನು ಬರೆಯಲು ಜಾಗವಿಲ್ಲ. ಹಿಂದೆ ನಿಂತು ಪ್ಲಗಿನ್‌ಗಳ ನಡುವೆ ಲೆಕ್ಕ ದಾಟಿಸುವ ವಾಲ್ಟ್ ಎಂಬ ಪ್ಲಗಿನ್ ಕೂಡ ಕೇಳುವುದು ಯಾರಿಂದ, ಎಷ್ಟು ಎಂದಷ್ಟೇ. ಯಾವ ದುಡ್ಡು ಎಂದು ಕೇಳುವುದಿಲ್ಲ. ಒಂದು ಸರ್ವರ್‌ಗೆ ಒಂದೇ ನಾಣ್ಯ ಇದ್ದ ದಿನಗಳಲ್ಲಿ ಅದು ಸರಿಯಾಗೇ ಇತ್ತು. ಆಮೇಲೆ ವೋಟ್ ಪಾಯಿಂಟು (ಸರ್ವರ್‌ಗೆ ಮತ ಹಾಕಿದ್ದಕ್ಕೆ ಸಿಗುವ ಅಂಕ), ಟೋಕನ್ನು, ವಜ್ರ ಎಲ್ಲ ದುಡ್ಡಾದವು. ಅಷ್ಟು ಹೊತ್ತಿಗೆ ಎಷ್ಟೋ ಪ್ಲಗಿನ್‌ಗಳು ವಾಲ್ಟನ್ನೇ ನಂಬಿ ನಿಂತಿದ್ದವು.

ಅಂಗಡಿಯವರು ಅಕ್ಕಪಕ್ಕ ಎರಡು ಪೆಟ್ಟಿಗೆ ಇಟ್ಟರು. 64 ಕಲ್ಲಿದ್ದಲಿದ್ದರೆ ನಾಣ್ಯಕ್ಕೆ 32, ವಜ್ರಕ್ಕೆ 32. ನಾಣ್ಯದ ಪೆಟ್ಟಿಗೆ ಖಾಲಿಯಾದರೆ, ಪಕ್ಕದಲ್ಲೇ ಮಾಲಿದ್ದರೂ ಗಿರಾಕಿ ಬರಿಗೈಲಿ ವಾಪಸು. ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಒಂದೇ ಪೆಟ್ಟಿಗೆಗೆ ಎರಡು ದರ ಹಾಕೋಣ. '100 ನಾಣ್ಯ ಇಲ್ಲವೇ 1 ವಜ್ರ.' ರಾತ್ರಿ ಯಾರೋ ರಾಶಿ ವಜ್ರ ಅಗೆದು ತಂದರು, ವಜ್ರ 60 ನಾಣ್ಯಕ್ಕಿಳಿಯಿತು ಅನ್ನಿ. ಬೆಳಗಾಗುವುದರೊಳಗೆ ಪೆಟ್ಟಿಗೆಯ ಮಾಲೆಲ್ಲ ವಜ್ರಕ್ಕೇ ಹೋಗಿರುತ್ತದೆ. ದರ ಬರೆದವರು ಮಲಗಿದ್ದರು, ಕೊಳ್ಳುವವರು ಎಚ್ಚರವಿದ್ದರು. ಚಿನ್ನ, ಬೆಳ್ಳಿ ಎರಡೂ ನಾಣ್ಯವಾಗಿ ಅವುಗಳ ನಡುವಿನ ದರ ಗಟ್ಟಿಯಾಗಿದ್ದ ದೇಶಗಳಲ್ಲೂ ಹೀಗೇ ಆಗಿತ್ತು. ಅಗ್ಗದ ನಾಣ್ಯ ಚಲಾವಣೆಯಲ್ಲಿ ಉಳಿಯುತ್ತದೆ, ಒಳ್ಳೆಯದು ಮನೆ ಸೇರುತ್ತದೆ. ಇದಕ್ಕೆ ಗ್ರೆಶಮ್ ನಿಯಮ ಎಂದು ಹೆಸರು. 'ಎರಡೂ ಕೊಡಿ' ಎನ್ನುವ ಅಂಗಡಿಯಲ್ಲಿ ಗಿರಾಕಿಗೆ ಆಯ್ಕೆಯೇ ಇಲ್ಲ, ಹಾಗಾಗಿ ಈ ಕಾಟವೂ ಇಲ್ಲ. ಮೈನ್‌ಕ್ರಾಫ್ಟ್‌ನ ಹಳ್ಳಿಗರು (ಆಟವೇ ನಡೆಸುವ ಪಾತ್ರಗಳು) ಒಂದು ವ್ಯಾಪಾರಕ್ಕೆ ಎರಡು ಬಗೆಯ ವಸ್ತು ಕೇಳುವುದು ಹೊಸದೇನಲ್ಲ.

ಸರ್ವರ್ರೇ ದರ ಬದಲಿಸಿಕೊಳ್ಳಲಿ ಎಂಬ ಮಾತೂ ಇದೆ. ಆದರೆ ಇಪ್ಪತ್ತು ಜನ ಆಡುವ ಕಡೆ ಯಾವ ದರ ನಂಬುವುದು? ಬೇಕೆಂದೇ ಮಾಡಿದ ಎರಡು ವ್ಯಾಪಾರ ಸಾಕು, ಎಲ್ಲ ಅಂಗಡಿಗಳ ಬೆಲೆ ಅಲ್ಲಾಡುತ್ತದೆ. ಪಾತ್ ಆಫ್ ಎಕ್ಸೈಲ್ ಹಿಡಿದ ದಾರಿ ನನಗೆ ಹಿಡಿಸುತ್ತದೆ. ಅಲ್ಲಿ ಮಾರುವವರೇ ತಮಗೆ ಬೇಕಾದ ಆರ್ಬ್‌ನಲ್ಲಿ (ಆ ಆಟದಲ್ಲಿ ದುಡ್ಡಾಗಿ ಓಡುವ, ಹಲವು ಬಗೆಯ ವಸ್ತು) ದರ ಹಾಕುತ್ತಾರೆ. ಆರ್ಬ್‌ಗಳ ವಿನಿಮಯಕ್ಕೆ 2024ರ ಜುಲೈನಲ್ಲಿ ಬೇರೆಯದೇ ಕಟ್ಟೆ ಬಂತು, ಅಲ್ಲೂ ದರ ಹೇಳುವವರು ಆಟಗಾರರೇ. ಯಾವ ದುಡ್ಡು ತೆಗೆದುಕೊಳ್ಳಬೇಕು, ಯಾವುದನ್ನು ಬೇಡ ಅನ್ನಬೇಕು ಎಂಬುದು ಅಂಗಡಿಯವರ ಕೈಯಲ್ಲೇ ಉಳಿಯಿತು.

ಮೈನ್‌ಕ್ರಾಫ್ಟ್‌ನಲ್ಲಿ 2023ರಿಂದ ಬೋರ್ಡಿನ ಹಿಂಬದಿಯಲ್ಲೂ ಬರೆಯಬಹುದು. ಅಂದರೆ ಇನ್ನೂ ನಾಲ್ಕು ಸಾಲು. ಎರಡನೇ ದರ ಅಲ್ಲಿಗೆ ಹೋಗಬಹುದು, ಪೆಟ್ಟಿಗೆ ಮಾತ್ರ ಒಂದೇ ಇರಲಿ.