ಡಂಪ್ ವಾಲ್ವ್ ಅಂದ್ರೆ ಏನು?

ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಒಂದು ಪಕ್ಕದಲ್ಲೇ ಹೋಗುವಾಗ, ಗೇರ್ ಬದಲಿಸಿದ ಕೂಡಲೇ 'ತ್ಶ್ಶ್ಶ್' ಅಂತ ಗಾಳಿ ಬಿಟ್ಟ ಸದ್ದು ಕೇಳಿದ್ದೀರಾ? ಅದು ಡಂಪ್ ವಾಲ್ವ್. ಬ್ಲೋ ಆಫ್ ವಾಲ್ವ್ ಅನ್ನುವುದೂ ಇದಕ್ಕೇ. ಜಲ್ಲಿ ಸುರಿಯುವ ಗಾಡಿಗೆ ಡಂಪರ್ ಅಂತೀವಲ್ಲ, ಅದೇ ಡಂಪ್. ಇಲ್ಲಿ ಸುರಿಯುವುದು ಗಾಳಿ.

ಯಾವ ಗಾಳಿ? ಟರ್ಬೊದಲ್ಲಿ ಒಂದೇ ಶಾಫ್ಟಿಗೆ ಎರಡು ಚಕ್ರ ಇರುತ್ತವೆ. ಇಂಜಿನ್ನಿನಿಂದ ಹೊರಬರುವ ಹೊಗೆಯ ರಭಸಕ್ಕೆ ಒಂದು ತಿರುಗುತ್ತದೆ, ಇನ್ನೊಂದು ಹೊರಗಿನ ಗಾಳಿಯನ್ನು ಒತ್ತಿ ಒತ್ತಿ ಇಂಜಿನ್ನಿಗೆ ತುಂಬುತ್ತದೆ. ವೇಗ ನಿಮಿಷಕ್ಕೆ 1 ಲಕ್ಷ ಸುತ್ತಿಗೂ ಜಾಸ್ತಿ. ನೀವು ಆಕ್ಸಿಲರೇಟರ್ ಬಿಟ್ಟ ತಕ್ಷಣ ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಅಂದರೆ ಥ್ರಾಟಲ್, ಮುಚ್ಚಿಕೊಳ್ಳುತ್ತದೆ, ಆದರೆ ಆ ಚಕ್ರ ಅಷ್ಟು ಬೇಗ ನಿಲ್ಲುವುದಿಲ್ಲ, ಅಲ್ವಾ? ಹೊಲದಲ್ಲಿ ಪಂಪ್‌ಸೆಟ್ ನಡೆಯುವಾಗ ಯಾರೋ ವಾಲ್ವ್ ಗಪ್ಪನೆ ಬಂದ್ ಮಾಡಿದರೆ ಪೈಪ್ ಹೇಗೆ ಧಡ್ ಅಂತ ಒದೆಯುತ್ತದೋ, ಹಾಗೇ ಒತ್ತಡದ ಗಾಳಿ ಮುಚ್ಚಿದ ಥ್ರಾಟಲ್‌ಗೆ ಬಡಿದು ವಾಪಸ್ ಟರ್ಬೊ ಕಡೆಗೇ ನುಗ್ಗುತ್ತದೆ. ಇದನ್ನು ಸರ್ಜ್ ಅಂತಾರೆ. ಈ ಗಾಳಿಗೆ ಬೇರೆ ದಾರಿ ಬಿಡುವುದೇ ವಾಲ್ವ್‌ನ ಕೆಲಸ. ಪವರ್ ಹೆಚ್ಚಿಸುವುದು ಅದರ ಕೆಲಸ ಅಲ್ಲವೇ ಅಲ್ಲ.

ಬಹಳಷ್ಟು ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಇಂಥದೊಂದು ವಾಲ್ವ್ ಕಂಪನಿಯಿಂದಲೇ ಬಂದಿರುತ್ತದೆ. ಅದು ಗಾಳಿಯನ್ನು ಹೊರಗೆ ಬಿಡದೆ, ಟರ್ಬೊಗಿಂತ ಮುಂಚಿನ ಪೈಪಿಗೇ ವಾಪಸ್ ಕಳಿಸುತ್ತದೆ. ಅದಕ್ಕೇ ಸದ್ದು ಕಡಿಮೆ. ಹೊರಗಿನಿಂದ ತಂದು ಹಾಕಿಸುವ ಡಂಪ್ ವಾಲ್ವ್ ಅದೇ ಗಾಳಿಯನ್ನು ನೇರ ಬಾನೆಟ್ ಒಳಗೆ ಬಿಟ್ಟುಬಿಡುತ್ತದೆ.

ತೊಂದರೆ ಶುರುವಾಗುವುದು ಇಲ್ಲೇ. ಬೆಳಗಾವಿ ಟಿಳಕವಾಡಿಯಲ್ಲಿರುವ ನನ್ನ ಗೆಳೆಯ ಆನ್‌ಲೈನ್‌ನಲ್ಲಿ ಒಂದು ವಾಲ್ವ್ ತರಿಸಿ, ಭಾನುವಾರ ಮನೆ ಮುಂದೆಯೇ ಕೂತು ತಾನೇ ಹಾಕಿದ. ಸದ್ದು ಚೆನ್ನಾಗಿತ್ತು, ನನಗೂ ಖುಷಿಯಾಯಿತು. ಎರಡೇ ದಿನಕ್ಕೆ ಫೋನ್ ಬಂತು: "ಲೇ ದೋಸ್ತ, ಚನ್ನಮ್ಮ ಸರ್ಕಲ್‌ನ್ಯಾಗ ಕಾಲ್ ತಗದ್ರ ಸಾಕು, ಗಾಡಿ ಬಂದ್ ಆಗಾಕತ್ತೈತಿ." ಪ್ಲಗ್ ಬಿಚ್ಚಿ ನೋಡಿದರೆ ತುದಿಯಲ್ಲೆಲ್ಲ ಕಾಡಿಗೆಯ ಹಾಗೆ ಒಣ ಮಸಿ. ಅವನ ಕಾರಿನಲ್ಲಿ ಏರ್ ಫಿಲ್ಟರ್ ಪಕ್ಕದಲ್ಲೇ ಒಳಗೆ ಬರುವ ಗಾಳಿಯನ್ನು ಅಳೆಯುವ ಮಾಫ್ ಸೆನ್ಸರ್ ಇದೆ. ಆ ಸೆನ್ಸರ್ ಲೆಕ್ಕ ಹಾಕಿದ ಗಾಳಿಗೆ ಸರಿಯಾಗಿ ಇಂಜಿನ್ನಿನ ಕಂಪ್ಯೂಟರ್ ಇಸಿಯು ಪೆಟ್ರೋಲ್ ಬಿಡುತ್ತದೆ, ಆದರೆ ಲೆಕ್ಕಕ್ಕೆ ಸಿಕ್ಕ ಗಾಳಿ ಅಷ್ಟರಲ್ಲಿ ವಾಲ್ವ್‌ನಿಂದ ಆಚೆ ಹೋಗಿರುತ್ತದೆ. ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ. ಇಂಜಿನ್ ಮುಗ್ಗರಿಸದೆ ಏನು ಮಾಡೀತು? ಒತ್ತಡ ಮಾತ್ರ ಅಳೆಯುವ ಮ್ಯಾಪ್ ಸೆನ್ಸರ್ ಕಾರುಗಳಲ್ಲಿ ಈ ಕಾಟ ಕಡಿಮೆ. ಹಾಗಾಗಿ ದುಡ್ಡು ಕೊಡುವ ಮೊದಲು ನಿಮ್ಮ ಕಾರಿನಲ್ಲಿ ಯಾವುದಿದೆ ಅಂತ ಕೇಳಿ.

ಸ್ಪ್ರಿಂಗ್ ತೀರಾ ಸಡಿಲ ಇದ್ದರೆ ಕಾರು ನಿಂತಲ್ಲೇ ನಡೆಯುವಾಗಲೂ ವಾಲ್ವ್ ತೆರೆದುಕೊಂಡು, ಫಿಲ್ಟರ್ ದಾಟದ ಧೂಳಿನ ಗಾಳಿ ಅದರಿಂದಲೇ ಒಳಗೆ ಹೋಗಬಹುದು. ಥ್ರಾಟಲ್ ದಾಟಿದ ಗಾಳಿಯನ್ನು ಇಂಜಿನ್ನಿಗೆ ಹಂಚುವ ಇಂಟೇಕ್ ಮ್ಯಾನಿಫೋಲ್ಡ್‌ನಿಂದ ಬರುವ ಸಣ್ಣ ರಬ್ಬರ್ ಪೈಪಿನ ಕ್ಲಿಪ್ ಬಿಗಿಯಾಗಿರಬೇಕು, ಯಾಕೆಂದರೆ ವಾಲ್ವ್ ಯಾವಾಗ ತೆರೆಯಬೇಕು ಅಂತ ಗೊತ್ತಾಗುವುದು ಆ ಪೈಪಿನಿಂದ.

ಡೀಸೆಲ್ ಕಾರಿನವರು ಸುಮ್ನೆ ಇದರ ಹಿಂದೆ ಬೀಳಬೇಡಿ. ಪೆಟ್ರೋಲ್ ಕಾರಿನ ಹಾಗೆ ಕಾಲು ತೆಗೆದಾಗಲೆಲ್ಲ ಗಾಳಿಯ ದಾರಿ ಮುಚ್ಚುವುದು ಡೀಸೆಲ್‌ನಲ್ಲಿ ಇಲ್ಲ.

ಹಾಕಿಸಲೇಬೇಕು ಅಂದರೆ ಗಾಳಿಯನ್ನು ವಾಪಸ್ ಕಳಿಸುವ ಥರದ್ದನ್ನೇ ಹಾಕಿಸಿ. ಬಿಚ್ಚಿದ ಹಳೇ ವಾಲ್ವ್ ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಗೆಳೆಯನ ಡಿಕ್ಕಿಯಲ್ಲಿ ಅದು ಇತ್ತು, ಅರ್ಧ ಗಂಟೆಯಲ್ಲಿ ವಾಪಸ್ ಹಾಕಿದೆವು.