ಮೊಸರಿನ ಬ್ಯಾಕ್ಟೀರಿಯಾ ಕರುಳಿನಲ್ಲಿ ಏನು ಮಾಡುತ್ತದೆ?

"ಡಾಕ್ಟ್ರೇ, ಇಮ್ಯುನಿಟಿ ಜಾಸ್ತಿ ಆಗೋಕೆ ಯಾವ ಪ್ರೋಬಯಾಟಿಕ್ ತಗೊಳ್ಳಲಿ?" ಪ್ರೋಬಯಾಟಿಕ್ ಎಂದರೆ ಆರೋಗ್ಯಕ್ಕೆಂದು ಸೇವಿಸುವ ಜೀವಂತ ಸೂಕ್ಷ್ಮಜೀವಿಗಳು. ಕ್ಲಿನಿಕ್ಕಿನಲ್ಲಿ ಈ ಪ್ರಶ್ನೆ ಕೇಳಿದಾಗಲೆಲ್ಲ ನಾನು ಸ್ವಲ್ಪ ಹೊತ್ತು ಕೂರಿಸಿ ಮಾತಾಡುತ್ತೇನೆ. ಏಕೆಂದರೆ ರೋಗನಿರೋಧಕ ವ್ಯವಸ್ಥೆ ಅತಿಯಾಗಿ ಕೆರಳಿದ್ದರಿಂದಲೇ ನರಳುವವರನ್ನು ನಾನು ದಿನವೂ ನೋಡುತ್ತೇನೆ. ಕ್ರೋನ್ಸ್ ಕಾಯಿಲೆ, ಅಲ್ಸರೇಟಿವ್ ಕೊಲೈಟಿಸ್ ಇರುವವರ ಕರುಳಿನಲ್ಲಿ ಈ ವ್ಯವಸ್ಥೆ ಬೇಡದ ಕಡೆ ಎದ್ದು ನಿಂತು ತನ್ನದೇ ಗೋಡೆಯಲ್ಲಿ ಹುಣ್ಣು ಮಾಡಿರುತ್ತದೆ. ಅವರಿಗೆ ಕೊಡುವ ಬಹುಪಾಲು ಔಷಧಗಳು ಅದನ್ನು ತಗ್ಗಿಸುವಂಥವು.

ಕರುಳಿನ ಪರಿಸ್ಥಿತಿಯೇ ಹಾಗಿದೆ. ತಿನ್ನುವ ಪ್ರತಿ ತುತ್ತೂ ದೇಹದ ಮಟ್ಟಿಗೆ ಹೊರಗಿನ ವಸ್ತು. ಜೊತೆಗೆ ನಮ್ಮೊಳಗೆ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರ ಒಂದು ಅಂದಾಜು ಹೇಳುತ್ತದೆ. ಅವುಗಳಲ್ಲಿ ಹೆಚ್ಚಿನವು ದೊಡ್ಡ ಕರುಳಿನಲ್ಲೇ. ಇವುಗಳಿಗೂ ನಮ್ಮ ರಕ್ತಕ್ಕೂ ನಡುವೆ ಇರುವುದು ಒಂದೇ ಒಂದು ಸಾಲು ಜೀವಕೋಶ, ಅದರ ಮೇಲೊಂದು ಲೋಳೆಯ ಪದರ. ಆ ಸಾಲು ಕೂಡ ಮೂರರಿಂದ ಐದು ದಿನಕ್ಕೊಮ್ಮೆ ಸವೆದು ಹೊಸದಾಗುತ್ತದೆ. ದೇಹದ ಪ್ರತಿರಕ್ಷಣಾ ಕೋಶಗಳ ದೊಡ್ಡ ಪಾಲು ಕರುಳಿನ ಸುತ್ತಲೇ ಇರುವುದು ಇದಕ್ಕೇ. ಯಾವುದರ ಮೇಲೆ ಬೀಳಬೇಕು, ಯಾವುದನ್ನು ಅದರ ಪಾಡಿಗೆ ಬಿಡಬೇಕು ಎಂದು ಅವು ಕ್ಷಣಕ್ಷಣವೂ ತೀರ್ಮಾನಿಸುತ್ತಿರಬೇಕು.

ಈ ತೀರ್ಮಾನ ಹೇಗೆ ನಡೆಯುತ್ತದೆ ಎಂಬುದು ನನ್ನ ಮಟ್ಟಿಗೆ ದೇಹದ ಅತ್ಯಂತ ಸೊಗಸಾದ ಕೆಲಸಗಳಲ್ಲಿ ಒಂದು. ಸಣ್ಣ ಕರುಳಿನ ಗೋಡೆಯಲ್ಲಿ, ಅದರಲ್ಲೂ ಕೊನೆಯ ಭಾಗದಲ್ಲಿ, ಪೇಯರ್ಸ್ ಪ್ಯಾಚ್ ಎಂಬ ದಪ್ಪನೆಯ ತೇಪೆಗಳಿವೆ. ಅವುಗಳ ಮೇಲ್ಮೈಯಲ್ಲಿ ಅಲ್ಲಲ್ಲಿ ‘ಎಂ’ ಕೋಶಗಳಿರುತ್ತವೆ. ಹಾದುಹೋಗುವ ಬ್ಯಾಕ್ಟೀರಿಯಾವನ್ನು ಎಂ ಕೋಶ ಒಳಗೆಳೆದು, ಕೆಳಗೆ ಕಾದಿರುವ ಡೆಂಡ್ರೈಟಿಕ್ ಕೋಶ ಎಂಬ ಪ್ರತಿರಕ್ಷಣಾ ಕೋಶಕ್ಕೆ ದಾಟಿಸುತ್ತದೆ. ಅದು ಬ್ಯಾಕ್ಟೀರಿಯಾವನ್ನು ತುಂಡರಿಸಿ, ಚೂರುಗಳನ್ನು ಟಿ ಕೋಶಗಳಿಗೆ ತೋರಿಸುತ್ತದೆ. ಅಲ್ಲಿಂದ ಸೂಚನೆ ಪಡೆದ ಬಿ ಕೋಶಗಳು ಐಜಿಎ ಎಂಬ ಪ್ರತಿಕಾಯವನ್ನು ತಯಾರಿಸುತ್ತವೆ. ಐಜಿಎ ಲೋಳೆಗೆ ಇಳಿದು ಬ್ಯಾಕ್ಟೀರಿಯಾಗಳಿಗೆ ಅಂಟಿಕೊಂಡು, ಉರಿಯೂತ ಎಬ್ಬಿಸದೆಯೇ ಅವನ್ನು ಗೋಡೆಯಿಂದ ದೂರ ಇಡುತ್ತದೆ. ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಈ ತೇಪೆಗಳು ಸರಿಯಾಗಿ ಬೆಳೆದಿರುವುದಿಲ್ಲ, ಐಜಿಎ ಕೂಡ ಅತ್ಯಲ್ಪ. ಬ್ಯಾಕ್ಟೀರಿಯಾ ಕೊಟ್ಟ ಮೇಲೆ ಎರಡೂ ಚೇತರಿಸಿಕೊಳ್ಳುತ್ತವೆ.

ಇಲ್ಲಿಗೆ ಮೊಸರಿನ ಬ್ಯಾಕ್ಟೀರಿಯಾ ಬಂದರೆ ಏನಾಗುತ್ತದೆ? ಬಹಳಷ್ಟು ಜಠರದ ಆಮ್ಲದಲ್ಲೇ ಸಾಯುತ್ತವೆ. ದಾಟಿದವು ನೆಂಟರ ಹಾಗೆ ಕೆಲವು ದಿನ ಇದ್ದು ಹೊರಟುಹೋಗುತ್ತವೆ. ತಿನ್ನುವುದನ್ನು ನಿಲ್ಲಿಸಿದರೆ ಸಾಮಾನ್ಯವಾಗಿ ಅವುಗಳ ಸುಳಿವೂ ಉಳಿಯುವುದಿಲ್ಲ. ಆದರೆ ಇರುವಷ್ಟು ಹೊತ್ತಿನಲ್ಲಿ ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ, ಅವುಗಳ ಕೋಶಭಿತ್ತಿಯ ಚೂರುಗಳು ಕರುಳಿನ ಕೋಶಗಳ ಮೇಲೆ ಸಂಕೇತ ಹಿಡಿಯುವ ಗ್ರಾಹಕಗಳನ್ನು ತಟ್ಟುತ್ತವೆ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ತಯಾರಿಸುವ ಫೆನಿಲ್‌ಲ್ಯಾಕ್ಟಿಕ್ ಆಮ್ಲವು ನಮ್ಮ ಪ್ರತಿರಕ್ಷಣಾ ಕೋಶಗಳ ಮೇಲಿರುವ ಎಚ್‌ಸಿಎ3 ಎಂಬ ಗ್ರಾಹಕಕ್ಕೆ ಕೂರುತ್ತದೆ ಎಂದು ಜರ್ಮನಿಯ ಲೈಪ್ಜಿಗ್‌ನ ಸಂಶೋಧಕರು 2019ರಲ್ಲಿ ತೋರಿಸಿದರು. ಈ ಗ್ರಾಹಕ ಇರುವುದು ಮನುಷ್ಯರಲ್ಲಿ ಮತ್ತು ದೊಡ್ಡ ವಾನರಗಳಲ್ಲಿ ಮಾತ್ರ. ಹುಳಿತ ಆಹಾರದ ಜೊತೆ ನಮ್ಮ ವಂಶದ ಸಂಬಂಧ ಅಡುಗೆಗಿಂತ ಬಹಳ ಹಳೆಯದು ಎಂಬ ಯೋಚನೆಗೆ ಇದು ಬಲ ಕೊಡುತ್ತದೆ.

ಆದರೆ ಉರಿಯೂತವನ್ನು ತಣಿಸುವ ದೊಡ್ಡ ಕೆಲಸ ಕರುಳಿನಲ್ಲೇ ನೆಲೆಸಿರುವ ಕಾಯಂ ನಿವಾಸಿ ಬ್ಯಾಕ್ಟೀರಿಯಾಗಳದು. ಅವು ನಾರನ್ನು ಹುದುಗಿಸಿ ಬ್ಯೂಟಿರೇಟ್ ಎಂಬ ಪದಾರ್ಥ ತಯಾರಿಸುತ್ತವೆ. ದೊಡ್ಡ ಕರುಳಿನ ಕೋಶಗಳಿಗೆ ಅದೇ ಮುಖ್ಯ ಇಂಧನ. ಉರಿಯೂತವನ್ನು ಹತೋಟಿಯಲ್ಲಿಡುವ ನಿಯಂತ್ರಕ ಟಿ ಕೋಶಗಳು ಹೆಚ್ಚಲು ಅದು ನೆರವಾಗುತ್ತದೆ ಎಂಬುದು 2013ರ ಇಲಿ ಅಧ್ಯಯನಗಳಲ್ಲಿ ಕಂಡಿತು. ಮೊಸರಿನ ಬ್ಯಾಕ್ಟೀರಿಯಾ ಬ್ಯೂಟಿರೇಟ್ ಮಾಡುವುದಿಲ್ಲ. ಅವು ಬಿಟ್ಟ ಲ್ಯಾಕ್ಟಿಕ್ ಆಮ್ಲವನ್ನು ತಿಂದು ಕೆಲವು ನಿವಾಸಿಗಳು ಮಾಡಿಕೊಡುತ್ತವೆ. ಹಾಗಾಗಿ ಕಾಳು, ತರಕಾರಿ, ಹಣ್ಣು, ಇಡಿ ಧಾನ್ಯ ಬಿಟ್ಟು ಬರೀ ಪ್ರೋಬಯಾಟಿಕ್ ನಂಬಿದವರಿಗೆ ನಾನು ಮೊದಲು ಊಟ ಸರಿಮಾಡಿಕೊಳ್ಳಿ ಎನ್ನುತ್ತೇನೆ.

ಹುದುಗಿಸಿದ ಆಹಾರದ ಪರವಾಗಿ ನಾನು ಗಂಭೀರವಾಗಿ ತೆಗೆದುಕೊಳ್ಳುವ ಪ್ರಯೋಗ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ್ದು, 2021ರಲ್ಲಿ ಪ್ರಕಟವಾದದ್ದು. 36 ಆರೋಗ್ಯವಂತರಲ್ಲಿ ಅರ್ಧದಷ್ಟು ಜನ 10 ವಾರ ಮೊಸರು, ಕೆಫಿರ್ (ಹುದುಗಿಸಿದ ಹಾಲಿನ ಪೇಯ), ಕಿಮ್ಚಿ (ಕೊರಿಯಾದ ಹುದುಗಿಸಿದ ತರಕಾರಿ), ಕೊಂಬುಚಾದಂಥವನ್ನು (ಹುದುಗಿಸಿದ ಚಹಾ) ಧಾರಾಳವಾಗಿ ಸೇವಿಸಿದರು; ಉಳಿದವರು ನಾರು ಹೆಚ್ಚಿಸಿಕೊಂಡರು. ಹುದುಗಿಸಿದ್ದನ್ನು ತಿಂದವರ ಕರುಳಿನಲ್ಲಿ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತಕ್ಕೆ ಸಂಬಂಧಿಸಿದ 19 ಪ್ರೋಟೀನುಗಳು ಇಳಿದವು. ಹೊಸದಾಗಿ ಕಂಡ ಜೀವಿಗಳಲ್ಲಿ ಹೆಚ್ಚಿನವು ತಿಂದ ಆಹಾರದಿಂದ ಬಂದವೂ ಅಲ್ಲ. ಪ್ರಯೋಗ ಚಿಕ್ಕದು, ಇದರಿಂದ ಕಾಯಿಲೆ ಕಡಿಮೆಯಾಗುತ್ತದೆ ಎಂದು ಸಾಬೀತಾಗಿಲ್ಲ. ಆದರೂ ದಿಕ್ಕು ಸ್ಪಷ್ಟ.

ಹುದುಗಿಸಿದ್ದೆಲ್ಲ ಜೀವಂತವಲ್ಲ ಎಂಬುದನ್ನೂ ಗಮನಿಸಬೇಕು. ಬೇಯಿಸಿದ ಹುದುಗು ಹಿಟ್ಟಿನಲ್ಲಿ, ಹುದುಗಿಸಿದ ನಂತರ ಪಾಶ್ಚರೀಕರಿಸಿದ ಪೇಯದಲ್ಲಿ ಬ್ಯಾಕ್ಟೀರಿಯಾ ಸತ್ತಿರುತ್ತವೆ. ವಿನೆಗರ್ ಸುರಿದು ಮಾಡಿದ ಉಪ್ಪಿನಕಾಯಿ ಹುದುಗಿದ್ದೇ ಅಲ್ಲ.

ಕ್ಯಾಪ್ಸೂಲಿನ ವಿಷಯ ಬೇರೆ. ರೋಗಿಗಳು ತರುವ ಡಬ್ಬಿಯಲ್ಲಿ ನಾನು ಮೊದಲು ನೋಡುವುದು ತಳಿಯ ಗುರುತು. ಬರೀ ‘ಲ್ಯಾಕ್ಟೋಬ್ಯಾಸಿಲಸ್’ ಎಂದಿದ್ದರೆ ಏನೂ ಹೇಳಿದಂತಾಗಲಿಲ್ಲ. ಕುಲ, ಪ್ರಭೇದ, ತಳಿ ಮೂರೂ ಇರಬೇಕು. ಅವಧಿ ಮುಗಿಯುವ ದಿನದವರೆಗೆ ಎಷ್ಟು ಕೋಟಿ ಜೀವಂತವಾಗಿರುತ್ತವೆ ಎಂದೂ ಬರೆದಿರಬೇಕು. ಒಂದೇ ತಳಿ ಒಂದು ಕಡೆ ಫಲಿಸಿ ಇನ್ನೊಂದು ಕಡೆ ಸೋಲುತ್ತದೆ. ಎಲ್‌ಜಿಜಿ ಎಂಬ ತಳಿ ಆಂಟಿಬಯಾಟಿಕ್‌ನಿಂದಾಗುವ ಮಕ್ಕಳ ಭೇದಿಯನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಅದೇ ತಳಿ, ವಾಂತಿಭೇದಿಯಾಗಿ ತುರ್ತು ವಿಭಾಗಕ್ಕೆ ಬಂದ ಮಕ್ಕಳಿಗೆ ಏನೂ ಪ್ರಯೋಜನ ಮಾಡಲಿಲ್ಲ ಎಂದು ಅಮೆರಿಕದಲ್ಲಿ 971 ಮಕ್ಕಳ ಮೇಲೆ ನಡೆದ ಪ್ರಯೋಗ 2018ರಲ್ಲಿ ಹೇಳಿತು. ಇನ್ನೊಂದೆಡೆ, ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿಯನ್ನು ಅದಕ್ಕೆ ಆಹಾರವಾಗುವ ಸಕ್ಕರೆಯೊಂದಿಗೆ ಕೊಟ್ಟಾಗ ನಂಜು ಮತ್ತು ಸಾವು ಶೇ 9ರಿಂದ ಶೇ 5.4ಕ್ಕೆ ಇಳಿದವು.

ತೀವ್ರ ಕಾಯಿಲೆಯಲ್ಲಿ ಪ್ರೋಬಯಾಟಿಕ್ ನಿರಪಾಯಕಾರಿ ಎಂದು ಭಾವಿಸಬೇಡಿ. ನೆದರ್ಲೆಂಡ್ಸ್‌ನಲ್ಲಿ ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತ ಇದ್ದವರಿಗೆ ಪ್ರೋಬಯಾಟಿಕ್ ಕೊಟ್ಟಾಗ ಸಾವು ಶೇ 16; ಕೊಡದವರಲ್ಲಿ ಶೇ 6. ಇದು 2008ರ ವರದಿ. ಕೀಮೋಥೆರಪಿಯಲ್ಲಿರುವವರು, ಅಂಗ ಕಸಿ ಮಾಡಿಸಿಕೊಂಡವರು, ದೊಡ್ಡ ರಕ್ತನಾಳದಲ್ಲಿ ಸೆಂಟ್ರಲ್ ಲೈನ್ ಎಂಬ ಕೊಳವೆ ಇರುವವರು ತಮ್ಮ ವೈದ್ಯರನ್ನು ಕೇಳದೆ ಪ್ರೋಬಯಾಟಿಕ್ ಮುಟ್ಟಬಾರದು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೂ ಇದೇ ಎಚ್ಚರ.

ಉಳಿದವರು ಹುದುಗಿಸಿದ್ದನ್ನು ಸ್ವಲ್ಪಸ್ವಲ್ಪವಾಗಿ ಆರಂಭಿಸಿ, ದಿನವೂ ತಿನ್ನಿ. ಮೊದಲ ಕೆಲವು ದಿನ ಹೊಟ್ಟೆ ಉಬ್ಬರಿಸಬಹುದು, ಹೆದರಬೇಕಿಲ್ಲ. ಆದರೆ ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಂಥ ಭೇದಿಯಾದರೆ ಮೊಸರು, ಕ್ಯಾಪ್ಸೂಲ್ ಎಂದು ತಿಂಗಳುಗಟ್ಟಲೆ ಕಾಯದೆ ನೇರ ವೈದ್ಯರ ಬಳಿ ಹೋಗಿ.