ಶಾರ್ಟ್ ಶಿಫ್ಟರ್ ಕೊಳ್ಳುವ ಮೊದಲು ಹಳೇ ಬುಷ್ ನೋಡಿ

ಗೇರ್ ಬದಲಿಸುವಾಗ ಕೈ ಓಡಾಡುವ ದೂರವನ್ನು, ಅಂದರೆ ಥ್ರೋವನ್ನು, ತಗ್ಗಿಸುವ ಲಿವರ್‌ಗೆ ಶಾರ್ಟ್ ಶಿಫ್ಟರ್ ಅನ್ನುತ್ತಾರೆ. ಅದರ ಡಬ್ಬಿಯ ಮೇಲೆ 'ಥ್ರೋ 40% ಕಡಿಮೆ' ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಎಷ್ಟೋ ಜನ ಆ ಒಂದು ಸಂಖ್ಯೆ ನೋಡಿಯೇ ದುಡ್ಡು ಕೊಡುತ್ತಾರೆ. 30ಕ್ಕಿಂತ 40 ಒಳ್ಳೆಯದು, ಅಲ್ವಾ? ಆ 40 ಎಲ್ಲಿಂದ ಬಂತು ಅಂತ ತಿಳಿಯದೆ ಹಾಗೆ ಹೇಳಲು ಬರುವುದಿಲ್ಲ.

ಗೇರ್ ಲಿವರ್ ಅಂದರೆ ನಡುವೆ ಒಂದು ಗುಂಡು ಇರುವ ಸರಳು. ಆ ಗುಂಡೇ ಪಿವಟ್. ಗುಂಡಿನಿಂದ ಮೇಲೆ ನಾಬ್‌ವರೆಗೆ 200 ಮಿ.ಮೀ., ಕೆಳಗೆ 50 ಮಿ.ಮೀ. ಇದೆ ಅಂತ ಇಟ್ಟುಕೊಳ್ಳಿ. ಕೆಳಗಿನ ತುದಿ 1 ಮಿ.ಮೀ. ಸರಿಯಬೇಕಾದರೆ ನಾಬ್ 4 ಮಿ.ಮೀ. ಓಡಾಡಬೇಕು. ಈ ಓಡಾಟ ತಗ್ಗಿಸಲು ಇರುವುದು ಎರಡೇ ದಾರಿ. ಮೇಲಿನ ಭಾಗವನ್ನು 160ಕ್ಕೆ ಇಳಿಸಿದರೆ 20% ಕಡಿಮೆ. ಕೆಳಗಿನದನ್ನು 62.5ಕ್ಕೆ ಬೆಳೆಸಿದರೂ 20% ಕಡಿಮೆ. ಎರಡನ್ನೂ ಮಾಡಿದರೆ 36%. ಡಬ್ಬಿಯ ಮೇಲೆ ಬರುವುದು ಈ ಒಟ್ಟು ಲೆಕ್ಕ. ಮೇಲೆ ಕತ್ತರಿಸಿ ಗಿಟ್ಟಿಸಿದ್ದು ದೊಡ್ಡ ವಿದ್ಯೆಯೇನಲ್ಲ; ಗಿಡ್ಡ ನಾಬ್ ಹಾಕಿದರೂ ಒಂದಿಷ್ಟು ಸಿಗುತ್ತದೆ. ಮೇಲಾಗಿ ಸ್ಟೀರಿಂಗ್‌ನಿಂದ ಕೈ ಅಷ್ಟು ಕೆಳಗೆ ಇಳಿಯಬೇಕು. ಹಾಗಾಗಿ ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: ಪಿವಟ್‌ನ ಕೆಳಗೆ ಎಷ್ಟು ಬೆಳೆಸಿದ್ದೀರಿ? ಉತ್ತರ ಬರದಿದ್ದರೆ ಬೇರೆ ಅಂಗಡಿ ನೋಡಿ.

ಇನ್ನು ಇದಕ್ಕೆ ತೆರುವ ಬೆಲೆ. ಹಾರೆ ಹಾಕಿ ಕಲ್ಲು ಎಬ್ಬಿಸಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಓಡಾಟ 36% ಇಳಿದರೆ ಅದೇ ಗೇರ್ ಹಾಕಲು ಕೈ 56% ಜಾಸ್ತಿ ಒತ್ತಬೇಕು. ಗೇರ್‌ಬಾಕ್ಸ್ ಒಳಗಿನ ಸಿಂಕ್ರೊನೈಸರ್ ಉಂಗುರ ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳನ್ನು ಉಜ್ಜಿ ಒಂದೇ ವೇಗಕ್ಕೆ ತರುತ್ತದೆ. ಅದಕ್ಕೆ ಸ್ವಲ್ಪ ಒತ್ತಡ ಬೇಕು, ಸ್ವಲ್ಪ ಸಮಯವೂ ಬೇಕು. ಲಿವರ್ ಗಿಡ್ಡ ಆಯಿತು ಅಂತ ಅದರ ಕೆಲಸ ಬೇಗ ಮುಗಿಯುವುದಿಲ್ಲ. ಆದರೆ ಕೈಗೆ ಆತುರ ಬಂದುಬಿಡುತ್ತದೆ. ಗೇರ್ ಸವೆಯುವುದು ಆ ಆತುರಕ್ಕೆ. ನಾನು ಕೆಲಸ ಮಾಡುವ ನ್ಯೂಜೆರ್ಸಿಯಲ್ಲಿ ಜನವರಿ ಬೆಳಿಗ್ಗೆ ಗೇರ್ ಆಯಿಲ್ ಮಂದವಾಗಿರುತ್ತದೆ. ಶಾರ್ಟ್ ಶಿಫ್ಟರ್ ಹಾಕಿದ ಕಾರಿನಲ್ಲಿ ಮೊದಲ ಕೆಲವು ಮೈಲಿ ಎರಡನೇ ಗೇರ್ ಬೀಳುವುದೇ ಕಷ್ಟ.

ನಮ್ಮ ಗ್ಯಾರೇಜಿಗೆ ಜಾಸ್ತಿ ಬರುವುದು ಮಾಜ್ದಾ ಎಂಎಕ್ಸ್-5. ಅದರಲ್ಲೂ 1989ರಿಂದ 2005ರವರೆಗಿನ ಮೊದಲ ಎರಡು ತಲೆಮಾರು. ಇದರಲ್ಲಿ ಲಿವರ್ ನೇರವಾಗಿ ಗೇರ್‌ಬಾಕ್ಸ್ ಮೇಲೆಯೇ ಕೂತಿದೆ, ನಡುವೆ ಕೇಬಲ್ ಇಲ್ಲ. ಥ್ರೋ ಕಂಪನಿಯಿಂದಲೇ ಗಿಡ್ಡ. ಇತ್ತೀಚೆಗೆ ಮೈಸೂರಿನ ಹುಡುಗನೊಬ್ಬ ಇಂಥದ್ದೇ ಕಾರು ತಂದು ನಿಲ್ಲಿಸಿದ. "ಅಣ್ಣಾ, ಗೇರ್ ಎಲ್ಲಿದೆ ಅಂತಲೇ ಗೊತ್ತಾಗಲ್ಲ. ಶಾರ್ಟ್ ಶಿಫ್ಟರ್ ಹಾಕಿಬಿಡೋಣ" ಅಂದ. ಕನ್ಸೋಲ್ ಬಿಚ್ಚಿ, ಲಿವರ್ ಬುಡ ಮುಚ್ಚುವ ರಬ್ಬರ್ ಹೊದಿಕೆ, ಅಂದರೆ ಮೇಲಿನ ಬೂಟ್, ತೆಗೆದು, ಬೋಲ್ಟ್ ಸಡಿಲಿಸಿ ಲಿವರ್ ಮೇಲೆತ್ತಿದೆ. ಒಳಗಿನ ಚಿಕ್ಕ ಬೂಟ್ ಹರಿದು ಎರಡು ತುಂಡಾಗಿತ್ತು. ಲಿವರ್ ತುದಿಯ ನೈಲಾನ್ ಬುಷ್ (ಭಾಗಗಳ ನಡುವೆ ಸಡಿಲ ಇರದಂತೆ ಕೂರುವ ಚಿಕ್ಕ ಬಳೆ) ಬೆರಳಲ್ಲಿ ಹಿಡಿದರೆ ಪುಡಿಯಾಯಿತು. ಲಿವರ್ ಕೂರುವ ಗುಳಿಯಲ್ಲಿ ಇರಬೇಕಾದ ಎಣ್ಣೆ ಇರಲೇ ಇಲ್ಲ, ತಳದಲ್ಲಿ ಕಪ್ಪು ಜಿಡ್ಡು ಮಾತ್ರ. ಈ ಗುಳಿಗೆ ಬೇರೆಯಾಗಿಯೇ ಎಣ್ಣೆ ಹಾಕಬೇಕು. ಗೇರ್‌ಬಾಕ್ಸ್ ಆಯಿಲ್ ಬದಲಿಸುವವರು ಇದನ್ನು ಮರೆತೇ ಬಿಡುತ್ತಾರೆ. ಎರಡು ಬೂಟ್, ಒಂದು ಬುಷ್, ಸ್ವಲ್ಪ 75W-90 ಎಣ್ಣೆ. ಅಷ್ಟೇ ಖರ್ಚು. ಕ್ಯಾಬಿನ್‌ಗೆ ಬರುತ್ತಿದ್ದ ಬಿಸಿ ಗಾಳಿಯೂ ನಿಂತಿತು. ಹುಡುಗ ಒಂದು ಸುತ್ತು ಹೋಗಿ ಬಂದವನು ಶಾರ್ಟ್ ಶಿಫ್ಟರ್ ಮಾತೇ ಎತ್ತಲಿಲ್ಲ.

ಹೋಂಡಾ ಎಸ್2000 ಇಟ್ಟುಕೊಂಡವರು ಕೇಳಿದರೆ ನಾನು ಬೇಡ ಅಂತಲೇ ಹೇಳುವುದು. ಕಂಪನಿಯೇ ಚೆನ್ನಾಗಿ ಮಾಡಿಕೊಟ್ಟ ಲಿವರ್ ಅದು. ಕೆಲವು ಕಿಟ್‌ಗಳು ಹಿಂದೆ ಮುಂದೆ ಮಾತ್ರವಲ್ಲ, ಅಡ್ಡ ಓಡಾಟವನ್ನೂ ಕುಗ್ಗಿಸುತ್ತವೆ. ಆಗ ಎರಡರ ಸಾಲು, ನಾಲ್ಕರ ಸಾಲು ಹತ್ತಿರ ಹತ್ತಿರ ಬರುತ್ತವೆ. ಮೂರನೇ ಗೇರ್‌ನಲ್ಲಿ 8,500 ಆರ್‌ಪಿಎಂ ಓಡುವಾಗ ನಾಲ್ಕರ ಬದಲು ಎರಡಕ್ಕೆ ಎಳೆದರೆ ಏನಾಗುತ್ತದೆ? ಆ ಕಾರಿನ ಮೂರನೇ ಗೇರ್ 1.481, ಎರಡನೆಯದು 2.045. ಭಾಗಿಸಿ ನೋಡಿ, ಎಂಜಿನ್ 11,700 ದಾಟುತ್ತದೆ. ರೆವ್ ಲಿಮಿಟರ್ ಇದೆಯಲ್ಲ ಅನ್ನುತ್ತಾರೆ. ಅದು ಪೆಟ್ರೋಲ್ ನಿಲ್ಲಿಸಬಹುದು, ಚಕ್ರ ಎಂಜಿನ್ನನ್ನು ತಿರುಗಿಸುವುದನ್ನು ನಿಲ್ಲಿಸಲಾರದು. ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿದರೆ ಅಲ್ಲಿಗೆ ಎಂಜಿನ್ ಕಥೆ ಮುಗಿಯಿತು.

ಬಿಎಂಡಬ್ಲ್ಯು 3 ಸೀರೀಸ್‌ನ ಹಳೇ ತಲೆಮಾರುಗಳಾದ ಇ36, ಇ46ರದ್ದು ಬೇರೆ ಲೆಕ್ಕ. ಇಲ್ಲಿ ಲಿವರ್‌ನಿಂದ ಗೇರ್‌ಬಾಕ್ಸ್‌ಗೆ ಒಂದು ಸೆಲೆಕ್ಟರ್ ರಾಡ್ ಹೋಗುತ್ತದೆ. ಅದರ ಎರಡು ತುದಿಯಲ್ಲೂ ಪ್ಲಾಸ್ಟಿಕ್ ವಾಷರ್, ಲಿವರ್ ಕ್ಯಾರಿಯರ್‌ಗೆ ರಬ್ಬರ್ ಬುಷ್. ಇವು ಸವೆದರೆ ಲಿವರ್ ನ್ಯೂಟ್ರಲ್‌ನಲ್ಲೇ ಕುಣಿಯುತ್ತದೆ. ಸವೆದ ಬುಷ್ ಮೇಲೆ ಶಾರ್ಟ್ ಶಿಫ್ಟರ್ ಕೂರಿಸಿದರೆ ಆ ಸಡಿಲವೂ ಹಾಗೇ ಉಳಿಯುತ್ತದೆ, ದುಡ್ಡು ದಂಡ. ಇನ್ನೊಂದು ತೊಂದರೆ: ಲಿವರ್‌ನ ಕೆಳಭಾಗ ತೀರಾ ಉದ್ದವಾದರೆ ಸೆಲೆಕ್ಟರ್ ರಾಡ್ ಕೆಳಗಿಳಿದು ಹಿಂದಿನ ಚಕ್ರಗಳತ್ತ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟ್‌ನ ರಬ್ಬರ್ ಜಾಯಿಂಟ್‌ಗೆ ತಾಗುತ್ತದೆ. ಇ36ಗೆ ಜ಼ೆಡ್3ಯ ಲಿವರ್ ಹಾಕುವ ಹಳೇ ಉಪಾಯ ನನಗೆ ಈಗಲೂ ಇಷ್ಟ. ಕಂಪನಿಯದೇ ಪಾರ್ಟು, ಥ್ರೋ ಹಿತವಾಗಿ ಇಳಿಯುತ್ತದೆ, ಸದ್ದು ಹೆಚ್ಚುವುದಿಲ್ಲ.

ಲಿವರ್ ಕೇಬಲ್ ಮೂಲಕ ಗೇರ್‌ಬಾಕ್ಸ್ ಎಳೆಯುವ ಕಾರುಗಳಲ್ಲಿ ಕೇಬಲ್ ತುದಿಯ ಬುಷ್ ಮೊದಲು, ಲಿವರ್ ಆಮೇಲೆ. ಬೆಂಗಳೂರಿನ ಹಳೇ ಆಕ್ಟೇವಿಯಾ ಆರ್‌ಎಸ್‌ಗೂ ಇದೇ ಮಾತು. ರಬ್ಬರ್ ಮೆತ್ತಗಾಗಿದ್ದರೆ ಲಿವರ್ ಎಷ್ಟೇ ಗಿಡ್ಡ ಮಾಡಿ, ಕೈಗೆ ಸಿಗುವುದು ಮೆತ್ತಗಿನ ಗೇರೇ.

ಇಷ್ಟೆಲ್ಲ ಸರಿಮಾಡಿಯೂ ಬೇಕು ಅನಿಸಿದರೆ ತೆಗೆದುಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ. ದಿನಾ ಓಡಿಸುವ ಕಾರಿಗೆ 20ರಿಂದ 25% ಸಾಕು. ಲಿವರ್ ನಡುವೆ ರಬ್ಬರ್ ಇರುವುದನ್ನೇ ಆರಿಸಿ. ಪೂರ್ತಿ ಲೋಹದ್ದು ಟ್ರ್ಯಾಕ್‌ಗೆ ಚೆಂದ, ಹೈವೇಯಲ್ಲಿ ಗೇರ್‌ಬಾಕ್ಸ್‌ನ ಕುಂಯ್‌ಗುಡುವಿಕೆಯನ್ನೆಲ್ಲ ಒಳಗೆ ತರುತ್ತದೆ. ನಾಬ್ ಕೊಳ್ಳುವಾಗ ಥ್ರೆಡ್ ನೋಡಿ: ಮಾಜ್ದಾಗೆ 10x1.25, ಹೋಂಡಾಗೆ 10x1.5 (ಮೊದಲನೆಯದು ದಪ್ಪ, ಎರಡನೆಯದು ಥ್ರೆಡ್‌ನ ಎಳೆಗಳ ನಡುವಿನ ಅಂತರ, ಎರಡೂ ಮಿ.ಮೀ.ನಲ್ಲಿ). ಎರಡೂ 10 ಅಂತ ಸುಮ್ನೆ ತಿರುಗಿಸಿದರೆ ಥ್ರೆಡ್ ಹಾಳಾಗುತ್ತದೆ.

ಕನ್ಸೋಲ್ ಮುಚ್ಚುವ ಮೊದಲು ರಿವರ್ಸ್ ಸೇರಿ ಎಲ್ಲ ಗೇರ್ ಹಾಕಿ ನೋಡಿ. ರಿವರ್ಸ್ ಲಾಕ್ ಹಿಡಿಯುತ್ತದೆಯೇ ಅಂತಲೂ ನೋಡಿ. ಲಿವರ್ ಎಲ್ಲೂ ಪ್ಲಾಸ್ಟಿಕ್‌ಗೆ ತಾಗಬಾರದು. ಆಮೇಲೆ ಓಡಿಸುವಾಗ ಗೇರ್ ತಾನಾಗಿಯೇ ಜಾರಿ ನ್ಯೂಟ್ರಲ್‌ಗೆ ಬಂದರೆ ಗೇರ್‌ಬಾಕ್ಸ್ ಹೋಯಿತು ಅಂತ ಗಾಬರಿಯಾಗಬೇಡಿ. ಬಿಗಿಯಾದ ಲೆದರ್ ಬೂಟ್ ಲಿವರನ್ನು ಹಿಂದಕ್ಕೆ ಎಳೆಯುತ್ತಿರಬಹುದು. ಅದನ್ನು ತೆಗೆದು ಒಂದು ಸುತ್ತು ಓಡಿಸಿ ನೋಡಿ, ಆಮೇಲೆ ನಮ್ಮ ಹತ್ತಿರ ಬನ್ನಿ.